ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಬೆಳಗಿನ ಹೊತ್ತು ಮುಗ್ಗರಿಸುವ ಹಳೆಯ ಕಾರಿನ ರೋಗನಿದಾನ

ರಾತ್ರಿಯಿಡೀ ಮನೆಯ ಮುಂದೆ ನಿಂತಿದ್ದ ಕಾರು ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆದ ಮೇಲಷ್ಟೇ ಸ್ಟಾರ್ಟ್ ಆಗುತ್ತದೆ. ಆದ ಮೇಲೂ ಎಂಜಿನ್ ನಡುಗುತ್ತದೆ. ಆಕ್ಸಿಲರೇಟರ್ ಒತ್ತಿದರೆ ಮುಂದಕ್ಕೆ ಹೋಗುವ ಬದಲು ಮುಗ್ಗರಿಸುತ್ತದೆ. ಮೊದಲ ಸಿಗ್ನಲ್‌ನಲ್ಲಿ ನಿಲ್ಲಿಸಿದೊಡನೆ ಆಫ್ ಆಗುತ್ತದೆ. ಎರಡು ಮೂರು ಕಿಲೋಮೀಟರ್ ಕ್ರಮಿಸುವಷ್ಟರಲ್ಲಿ ಏನೂ ಆಗಿರಲೇ ಇಲ್ಲವೆಂಬಂತೆ ಸಲೀಸಾಗಿ ಓಡತೊಡಗುತ್ತದೆ. ಹಳೆಯ ಪೆಟ್ರೋಲ್ ಕಾರನ್ನು ಇಟ್ಟುಕೊಂಡಿರುವ ಬಹುತೇಕರಿಗೆ ಈ ಅನುಭವ ಒಂದಲ್ಲ ಒಂದು ದಿನ ಆಗಿಯೇ ಇರುತ್ತದೆ.

ತೊಂದರೆ ಇರುವುದು ಇಲ್ಲಿಯೇ. ಕಾರು ಗ್ಯಾರೇಜು ತಲುಪುವ ಹೊತ್ತಿಗೆ ಎಂಜಿನ್ ಬಿಸಿಯಾಗಿರುತ್ತದೆ, ದೋಷ ಅಡಗಿಕೊಂಡಿರುತ್ತದೆ. ಕಣ್ಣಿಗೆ ಕಾಣದ ದೋಷವನ್ನು ಊಹೆಯ ಮೇಲೆ ಹುಡುಕಲು ಹೊರಟರೆ ಮೊದಲು ಪ್ಲಗ್, ಬಳಿಕ ಫಿಲ್ಟರ್, ಆಮೇಲೆ ಇಂಜೆಕ್ಟರ್ ಶುದ್ಧೀಕರಣ, ಕೊನೆಗೆ ಆಮ್ಲಜನಕ ಸೆನ್ಸರ್ ಅಥವಾ ಪೆಟ್ರೋಲ್ ಪಂಪ್ ಹೀಗೆ ಒಂದೊಂದೇ ಭಾಗ ಬದಲಾಗುತ್ತಾ ಹೋಗುತ್ತದೆ. ಸಾವಿರಾರು ರೂಪಾಯಿ ಖರ್ಚಾದರೂ ಮರುದಿನ ಬೆಳಿಗ್ಗೆ ಅದೇ ಕಥೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ಇಂತಹ ದುರಸ್ತಿಗೆ ಚೆನ್ನಾಗಿ ಒಪ್ಪುತ್ತದೆ.

ವಾಸ್ತವವಾಗಿ, ಎಂಜಿನ್ ತಣ್ಣಗಿರುವಾಗ ಮಾತ್ರ ಕಾಣಿಸಿಕೊಳ್ಳುವ ದೋಷ ತನ್ನ ನೆಲೆಯ ಸುಳಿವನ್ನು ತಾನೇ ಕೊಡುತ್ತಿರುತ್ತದೆ. ತಣ್ಣಗಿನ ಎಂಜಿನ್‌ಗೂ ಬಿಸಿ ಎಂಜಿನ್‌ಗೂ ಏನು ವ್ಯತ್ಯಾಸ ಎಂಬ ಒಂದು ಪ್ರಶ್ನೆಯನ್ನು ಹಿಡಿದು ಹೊರಟರೆ ಪರೀಕ್ಷಿಸಬೇಕಾದ ಭಾಗಗಳ ಪಟ್ಟಿ ಬಹಳ ಚಿಕ್ಕದಾಗುತ್ತದೆ.

ಯಾವ ಕಾರುಗಳ ಮಾತಿದು?

ವಾಹನಗಳ ಹೊಗೆಯ ಮೇಲೆ ಯೂರೋ-1 ಮಟ್ಟದ ನಿಯಮ ದೇಶದಾದ್ಯಂತ ಜಾರಿಗೆ ಬಂದದ್ದು 2000ದ ಏಪ್ರಿಲ್‌ನಲ್ಲಿ. 2005ರಲ್ಲಿ ಬೆಂಗಳೂರು ಸೇರಿದಂತೆ ದೊಡ್ಡ ನಗರಗಳಿಗೆ ಭಾರತ್ ಸ್ಟೇಜ್-3 ಬಂತು, 2010ರಲ್ಲಿ ಅದು ಇಡೀ ದೇಶಕ್ಕೆ ವಿಸ್ತರಿಸಿತು. ಈ ಅವಧಿಯಲ್ಲಿ ಕಾರ್ಬ್ಯುರೇಟರ್ ಹಿಂದೆ ಸರಿದು, ಕಂಪ್ಯೂಟರ್ ನಿಯಂತ್ರಣದಲ್ಲಿ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ವ್ಯವಸ್ಥೆ ನಮ್ಮ ಸಣ್ಣ ಕಾರುಗಳಿಗೂ ಬಂದಿತು. ಆ ತಲೆಮಾರಿನ ಮಾರುತಿ 800, ಝೆನ್, ವ್ಯಾಗನ್-ಆರ್, ಹ್ಯುಂಡೈ ಸ್ಯಾಂಟ್ರೋ ಮುಂತಾದವು ಈಗಲೂ ರಾಜ್ಯದ ರಸ್ತೆಗಳಲ್ಲಿ ಓಡುತ್ತಿವೆ. ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಬಳಿಕ ವಾಹನವನ್ನು ತಪಾಸಣೆಗೆ ಒಡ್ಡಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಹೀಗೆ ಎರಡನೆಯ ಆಯುಸ್ಸು ಪಡೆದ ಕಾರುಗಳಲ್ಲಿ ಎಂಜಿನ್ ಗಟ್ಟಿಯಾಗಿಯೇ ಇರುತ್ತದೆ. ಸೋಲುವುದು ಅದಕ್ಕೆ ಅಂಟಿಕೊಂಡ ರಬ್ಬರ್, ತಂತಿ ಮತ್ತು ಸೆನ್ಸರ್‌ಗಳು.

ತಣ್ಣಗಿನ ಎಂಜಿನ್‌ಗೆ ಹಸಿವು ಹೆಚ್ಚು

ಪೆಟ್ರೋಲ್ ದ್ರವರೂಪದಲ್ಲಿ ಸರಿಯಾಗಿ ಉರಿಯುವುದಿಲ್ಲ. ಅದು ಆವಿಯಾಗಿ ಗಾಳಿಯೊಡನೆ ಬೆರೆಯಬೇಕು. ಪೂರ್ಣವಾಗಿ ಉರಿಯಲು ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲ್‌ಗೆ ಸುಮಾರು 14.7 ಪಾಲು ಗಾಳಿ ಬೇಕು. ಎಂಜಿನ್ ತಣ್ಣಗಿದ್ದಾಗ ಇಂಜೆಕ್ಟರ್ ಸಿಂಪಡಿಸಿದ ಪೆಟ್ರೋಲ್‌ನ ಒಂದು ಭಾಗ ಆವಿಯಾಗದೆ ಗಾಳಿನಾಳದ ಗೋಡೆಗೆ, ವಾಲ್ವ್‌ಗಳಿಗೆ ಅಂಟಿಕೊಳ್ಳುತ್ತದೆ. ಸಿಲಿಂಡರ್ ಒಳಗೆ ತಲುಪುವ ಮಿಶ್ರಣ ತೆಳ್ಳಗಾಗುತ್ತದೆ. ಈ ಕೊರತೆ ತುಂಬಲು ಮೊದಲ ಕೆಲವು ನಿಮಿಷ ಹೆಚ್ಚು ಪೆಟ್ರೋಲ್ ಕೊಡಲೇಬೇಕು.

ಕಾರ್ಬ್ಯುರೇಟರ್ ಕಾಲದಲ್ಲಿ ಈ ಕೆಲಸವನ್ನು ಚಾಲಕನೇ ಚೋಕ್ ಎಳೆದು ಮಾಡುತ್ತಿದ್ದ. ಇಂಜೆಕ್ಷನ್ ಕಾರಿನಲ್ಲಿ ಚೋಕ್ ಇಲ್ಲ. ಎಂಜಿನ್ ಎಷ್ಟು ಬಿಸಿಯಾಗಿದೆ ಎಂಬುದನ್ನು ಒಂದು ಸೆನ್ಸರ್ ಕಂಪ್ಯೂಟರ್‌ಗೆ ತಿಳಿಸುತ್ತದೆ. ಕಂಪ್ಯೂಟರ್ ಅದಕ್ಕೆ ತಕ್ಕಂತೆ ಪೆಟ್ರೋಲ್ ಹೆಚ್ಚಿಸುತ್ತದೆ, ಜೊತೆಗೆ ಐಡ್ಲಿಂಗ್ ವೇಗವನ್ನೂ ಏರಿಸುತ್ತದೆ.

ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಯುರೋಪಿನಂತಹ ಚಳಿಯಿಲ್ಲವಲ್ಲ ಎಂದು ಕೇಳಬಹುದು. ಆದರೆ ಎಂಜಿನ್‌ನ ಪಾಲಿಗೆ 'ತಣ್ಣಗೆ' ಎಂಬುದರ ಅರ್ಥ ಬೇರೆ. ಕೆಲಸದ ಹದಕ್ಕೆ ಬಂದ ಎಂಜಿನ್‌ನ ಕೂಲೆಂಟ್ 80ರಿಂದ 95 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಿರುತ್ತದೆ. ಅದರ ಮುಂದೆ ರಾಯಚೂರಿನ 28 ಡಿಗ್ರಿಯ ಮುಂಜಾವೂ ತಣ್ಣಗೇ. ಮಡಿಕೇರಿ, ಚಿಕ್ಕಮಗಳೂರು, ಬೀದರ್ ಕಡೆಯ ಡಿಸೆಂಬರ್ ಚಳಿಯಲ್ಲಿ ದೋಷ ಇನ್ನಷ್ಟು ಢಾಳಾಗಿ ಕಾಣುತ್ತದೆ, ಅಷ್ಟೇ.

ಬಿಸಿಯಾದೊಡನೆ ದೋಷ ಮಾಯವಾಗುವುದೇಕೆ?

ಸೈಲೆನ್ಸರ್ ಕೊಳವೆಯ ಮೇಲ್ಭಾಗದಲ್ಲಿರುವ ಆಮ್ಲಜನಕ ಸೆನ್ಸರ್ ಹೊಗೆಯನ್ನು ಅಳೆದು, ಮಿಶ್ರಣ ದಪ್ಪವಾಯಿತೇ ತೆಳ್ಳಗಾಯಿತೇ ಎಂದು ಕಂಪ್ಯೂಟರ್‌ಗೆ ವರದಿ ಕೊಡುತ್ತದೆ. ಕಂಪ್ಯೂಟರ್ ಕ್ಷಣಕ್ಷಣಕ್ಕೂ ತನ್ನ ಲೆಕ್ಕವನ್ನು ತಿದ್ದಿಕೊಳ್ಳುತ್ತದೆ. ಆದರೆ ಈ ಸೆನ್ಸರ್ ಸುಮಾರು 300 ಡಿಗ್ರಿಯಷ್ಟು ಕಾಯುವ ತನಕ ಕೆಲಸವನ್ನೇ ಆರಂಭಿಸುವುದಿಲ್ಲ. ಅಲ್ಲಿಯವರೆಗೆ ಕಂಪ್ಯೂಟರ್ ಉಳಿದ ಸೆನ್ಸರ್‌ಗಳ ಮಾತನ್ನು ನಂಬಿ, ತನ್ನಲ್ಲಿರುವ ಕೋಷ್ಟಕದ ಪ್ರಕಾರ ಪೆಟ್ರೋಲ್ ಅಳೆದು ಕೊಡುತ್ತದೆ. ತಪ್ಪಾದರೆ ತಿದ್ದುವವರು ಯಾರೂ ಇರುವುದಿಲ್ಲ.

ಆಮ್ಲಜನಕ ಸೆನ್ಸರ್ ಎಚ್ಚರಗೊಂಡೊಡನೆ ಸಣ್ಣಪುಟ್ಟ ದೋಷಗಳನ್ನು ಮುಚ್ಚಿಹಾಕುತ್ತದೆ. ಚಾಲಕನಿಗೆ ಕಾರು ಗುಣವಾದಂತೆ ಭಾಸವಾಗುತ್ತದೆ. ಇದರಿಂದ ತಿಳಿಯುವುದು ಇಷ್ಟು: ತಣ್ಣಗಿದ್ದಾಗ ಮಾತ್ರ ಮುಗ್ಗರಿಸಿ, ಬಿಸಿಯಾದ ಮೇಲೆ ಮೈಲೇಜ್ ಸಹಿತ ಎಲ್ಲವೂ ಸರಿಯಿರುವ ಕಾರಿನಲ್ಲಿ ಆಮ್ಲಜನಕ ಸೆನ್ಸರ್ ಬದಲಾಯಿಸುವುದರಿಂದ ಲಾಭವಿಲ್ಲ. ದೋಷ ಕಾಣಿಸಿಕೊಳ್ಳುವ ಹೊತ್ತಿನಲ್ಲಿ ಅದು ಕೆಲಸಕ್ಕೇ ಬಂದಿರುವುದಿಲ್ಲ.

ಮೊದಲ ಸಂಶಯ ಕೂಲೆಂಟ್ ಸೆನ್ಸರ್ ಮೇಲೆ

ಎಂಜಿನ್‌ನ ಬಿಸಿ ಅಳೆಯುವ ಕೂಲೆಂಟ್ ಸೆನ್ಸರ್ ಸಾಮಾನ್ಯವಾಗಿ ಥರ್ಮೋಸ್ಟ್ಯಾಟ್ ಸಮೀಪದಲ್ಲಿ, ಎರಡು ತಂತಿಯ ಪ್ಲಾಸ್ಟಿಕ್ ಕನೆಕ್ಟರ್‌ನೊಂದಿಗೆ ಇರುತ್ತದೆ. ಬಿಸಿ ಏರಿದಂತೆ ಇದರ ವಿದ್ಯುತ್ ರೋಧ ಇಳಿಯುತ್ತದೆ. ಹಲವು ಕಾರುಗಳಲ್ಲಿ 20 ಡಿಗ್ರಿಯಲ್ಲಿ 2,000ದಿಂದ 3,000 ಓಮ್, 80 ಡಿಗ್ರಿಯಲ್ಲಿ 300 ಓಮ್ ಆಸುಪಾಸು ಇರುತ್ತದೆ. ನಿಖರ ಅಂಕಿಗಳು ಆಯಾ ಮಾದರಿಯ ಸರ್ವಿಸ್ ಕೈಪಿಡಿಯಲ್ಲಿ ಸಿಗುತ್ತವೆ.

ಈ ಸೆನ್ಸರ್ ಎರಡು ಬಗೆಯಲ್ಲಿ ಸುಳ್ಳು ಹೇಳಬಹುದು. ತಣ್ಣಗಿನ ಎಂಜಿನ್ ಬಿಸಿಯಾಗಿದೆ ಎಂದು ಹೇಳಿದರೆ ಕಂಪ್ಯೂಟರ್ ಹೆಚ್ಚುವರಿ ಪೆಟ್ರೋಲ್ ಕೊಡುವುದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಆಗಲು ತಡವಾಗುತ್ತದೆ, ಆದ ಮೇಲೆ ನಡುಗಿ ಆಫ್ ಆಗುತ್ತದೆ. ಬಿಸಿಯಾದ ಮೇಲೆ ಸೆನ್ಸರ್ ಹೇಳುವುದೂ ನಿಜವೂ ಒಂದೇ ಆಗುವುದರಿಂದ ಎಲ್ಲವೂ ಸರಿಹೋಗುತ್ತದೆ. ಬಿಸಿ ಎಂಜಿನ್ ತಣ್ಣಗಿದೆ ಎಂದು ಹೇಳಿದರೆ ಪರಿಣಾಮ ತಿರುವುಮುರುವು: ಬೆಳಗಿನ ಸ್ಟಾರ್ಟ್ ಸಲೀಸು, ಆದರೆ ಬಿಸಿಯಾದ ಮೇಲೂ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಮಸಿ ಹಿಡಿದ ಪ್ಲಗ್, ಕುಸಿದ ಮೈಲೇಜ್ ಇದರ ಗುರುತುಗಳು. ಹೊಗೆ ತಪಾಸಣೆಯಲ್ಲಿ ಕಾರು ಅನುತ್ತೀರ್ಣವಾಗಲು ಇದೂ ಒಂದು ಕಾರಣ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ಬಿಡಬೇಕು. ಮೊದಲನೆಯದು, ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಸರಿಯಿದ್ದರೆ ಸೆನ್ಸರ್ ಕೂಡ ಸರಿಯಿದೆ ಎಂಬುದು. ಆ ಕಾಲದ ಅನೇಕ ಕಾರುಗಳಲ್ಲಿ ಮುಳ್ಳಿಗೆ ಬೇರೆ ಸೆನ್ಸರ್, ಕಂಪ್ಯೂಟರ್‌ಗೆ ಬೇರೆ ಸೆನ್ಸರ್. ಎರಡನೆಯದು, ಚೆಕ್ ಎಂಜಿನ್ ದೀಪ ಉರಿಯದಿದ್ದರೆ ದೋಷವಿಲ್ಲ ಎಂಬುದು. ತಂತಿ ಪೂರ್ತಿ ಕಡಿದುಹೋದರೆ ಕಂಪ್ಯೂಟರ್‌ಗೆ ತಿಳಿಯುತ್ತದೆ, ದೀಪ ಉರಿಯುತ್ತದೆ. ಆಗ ಹಲವು ಕಂಪ್ಯೂಟರ್‌ಗಳು ಎಂಜಿನ್ ಬಿಸಿಯಾಗಿದೆ ಎಂದೇ ಊಹಿಸಿಕೊಂಡು ನಡೆಯುತ್ತವೆ. ಆದರೆ 20 ಡಿಗ್ರಿ ಇರುವಲ್ಲಿ ಸೆನ್ಸರ್ 50 ಎಂದು ವರದಿ ಕೊಟ್ಟರೆ, ಅದೂ ಸಂಭವನೀಯ ಸಂಖ್ಯೆಯೇ ಆದ್ದರಿಂದ ಕಂಪ್ಯೂಟರ್ ಸುಮ್ಮನೆ ನಂಬಿಬಿಡುತ್ತದೆ.

ಪರೀಕ್ಷೆ ಸುಲಭ. ಕಾರು ರಾತ್ರಿಯಿಡೀ ನಿಂತ ಬಳಿಕ, ಎಂಜಿನ್ ಚಾಲೂ ಮಾಡದೆ ಕೀಲಿಯನ್ನು ಆನ್ ಸ್ಥಾನಕ್ಕೆ ತಿರುಗಿಸಿ ಸ್ಕ್ಯಾನರ್‌ನಲ್ಲಿ ನೋಡಬೇಕು. ಕೂಲೆಂಟ್‌ನ ಉಷ್ಣತೆ, ಎಂಜಿನ್ ಸೇರುವ ಗಾಳಿಯ ಉಷ್ಣತೆ ಮತ್ತು ಹೊರಗಿನ ಹವೆಯ ಉಷ್ಣತೆ ಮೂರೂ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಹೊರಗೆ 18 ಡಿಗ್ರಿ ಇದ್ದು ಕೂಲೆಂಟ್ 45 ಎಂದು ತೋರಿಸಿದರೆ ಸುಳ್ಳುಗಾರ ಸಿಕ್ಕಿಬಿದ್ದಂತೆ. 2010ಕ್ಕಿಂತ ಹಿಂದಿನ ಅನೇಕ ಕಾರುಗಳಿಗೆ ಈಗಿನ ಅಗ್ಗದ ಸ್ಕ್ಯಾನರ್‌ಗಳು ಹೊಂದಿಕೊಳ್ಳುವುದಿಲ್ಲ. ಅಂತಹ ಕಾರಿನಲ್ಲಿ ಕನೆಕ್ಟರ್ ಬಿಡಿಸಿ ಮಲ್ಟಿಮೀಟರ್‌ನಿಂದ ರೋಧವನ್ನು ಅಳೆದರೆ ಸಾಕು. ಸೆನ್ಸರ್ ಸರಿಯಿದ್ದರೆ ಕನೆಕ್ಟರ್‌ನ ಹಸಿರು ಕಿಲುಬು, ಸಡಿಲವಾದ ಪಿನ್, ಎಂಜಿನ್‌ನ ಅರ್ತ್ ತಂತಿಯ ತುಕ್ಕು ಇವುಗಳ ಕಡೆ ಗಮನ ಹರಿಸಬೇಕು. ಅರ್ತ್ ಕೆಟ್ಟಾಗ ಒಳ್ಳೆಯ ಸೆನ್ಸರ್ ಕೂಡ ತಪ್ಪು ವರದಿ ಕೊಡುತ್ತದೆ.

ಕಾಣೆಯಾದ ಥರ್ಮೋಸ್ಟ್ಯಾಟ್

ಹಳೆಯ ಕಾರು ಕೊಂಡವರು ವಿಚಾರಿಸಲೇಬೇಕಾದ ಇನ್ನೊಂದು ಸಂಗತಿಯಿದೆ. ಎಂಜಿನ್ ಅತಿಯಾಗಿ ಕಾಯುತ್ತಿದೆ ಎಂಬ ದೂರಿಗೆ ಪರಿಹಾರವಾಗಿ ಥರ್ಮೋಸ್ಟ್ಯಾಟ್ ವಾಲ್ವನ್ನೇ ಕಿತ್ತು ಹಾಕುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. 'ನಮ್ಮ ಬಿಸಿಲಿಗೆ ಇದರ ಅಗತ್ಯವಿಲ್ಲ' ಎಂಬ ಸಮಜಾಯಿಷಿಯೂ ಜೊತೆಗಿರುತ್ತದೆ. ಆದರೆ ಎಂಜಿನ್ ಬೇಗ ಹದಕ್ಕೆ ಬರುವ ತನಕ ಕೂಲೆಂಟ್ ರೇಡಿಯೇಟರ್ ಕಡೆ ಹೋಗದಂತೆ ತಡೆಯುವುದೇ ಈ ವಾಲ್ವ್‌ನ ಕೆಲಸ. ಅದಿಲ್ಲದಿದ್ದರೆ, ಅಥವಾ ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡಿದ್ದರೆ, ಎಂಜಿನ್ ಹದಕ್ಕೆ ಬರಲು ಬಹಳ ಹೊತ್ತು ಹಿಡಿಯುತ್ತದೆ. ಹೆದ್ದಾರಿಯಲ್ಲಿ ಗಾಳಿಗೆ ಮತ್ತೆ ತಣ್ಣಗಾಗುತ್ತದೆ.

ಆಗ ಸೆನ್ಸರ್ ಸತ್ಯವನ್ನೇ ಹೇಳುತ್ತಿರುತ್ತದೆ, ಕಂಪ್ಯೂಟರ್ ಕೂಡ ನ್ಯಾಯವಾಗಿಯೇ ಹೆಚ್ಚು ಪೆಟ್ರೋಲ್ ಕೊಡುತ್ತಿರುತ್ತದೆ. ಮೈಲೇಜ್ ಇಳಿಯುತ್ತದೆ, ಉರಿಯದ ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಇಳಿದು ಅದನ್ನು ತೆಳ್ಳಗಾಗಿಸುತ್ತದೆ, ಸವೆತ ಹೆಚ್ಚುತ್ತದೆ. ಟೆಂಪರೇಚರ್ ಮುಳ್ಳು ಇಪ್ಪತ್ತು ನಿಮಿಷದ ಓಟದ ನಂತರವೂ ಮಧ್ಯಕ್ಕೆ ಬಾರದಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ. ಎಂಜಿನ್ ನಿಜವಾಗಿ ಅತಿಯಾಗಿ ಕಾಯುತ್ತಿದ್ದರೆ ರೇಡಿಯೇಟರ್, ಫ್ಯಾನ್ ಅಥವಾ ನೀರಿನ ಪಂಪಿನಲ್ಲಿ ಕಾರಣ ಹುಡುಕಬೇಕು.

ಗಾಳಿಯ ದಾರಿ

ಸೆನ್ಸರ್ ಮತ್ತು ಥರ್ಮೋಸ್ಟ್ಯಾಟ್ ಸರಿಯಿದ್ದರೆ ಮುಂದಿನ ಸರದಿ ಗಾಳಿಯದು. ಆರೋಗ್ಯವಂತ ಎಂಜಿನ್ ಬೆಳಿಗ್ಗೆ ಚಾಲೂ ಆದೊಡನೆ ನಿಮಿಷಕ್ಕೆ 1,200ರಿಂದ 1,500 ಸುತ್ತು ತಿರುಗಿ, ಬಿಸಿಯಾದಂತೆ ನಿಧಾನವಾಗಿ 800-900ಕ್ಕೆ ಇಳಿಯಬೇಕು. ಈ ಏರಿಳಿತವನ್ನು ನೋಡಿಕೊಳ್ಳುವುದು ಥ್ರಾಟಲ್ ಬಾಡಿಯ ಪಕ್ಕದಲ್ಲಿರುವ ಐಡ್ಲಿಂಗ್ ವಾಲ್ವ್. ವರ್ಷಗಟ್ಟಲೆ ಇಂಗಾಲದ ಮಸಿ ಕಟ್ಟಿ ಅದರ ದಾರಿ ಮುಚ್ಚಿದರೆ ಎಂಜಿನ್‌ಗೆ ಬೆಳಗಿನ ಹೆಚ್ಚುವರಿ ಗಾಳಿ ಸಿಗುವುದಿಲ್ಲ. ಆಕ್ಸಿಲರೇಟರ್ ಮೇಲೆ ತುಸು ಕಾಲಿಟ್ಟರೆ ಎಂಜಿನ್ ಉಳಿದುಕೊಳ್ಳುತ್ತದೆ, ಕಾಲು ತೆಗೆದರೆ ಆಫ್ ಆಗುತ್ತದೆ ಎಂದಾದರೆ ಸಂಶಯ ಇದರ ಮೇಲೆಯೇ. ಥ್ರಾಟಲ್ ಬಾಡಿ ಕ್ಲೀನರ್‌ನಿಂದ ಶುಚಿಗೊಳಿಸುವುದು ಕಡಿಮೆ ಖರ್ಚಿನ ಕೆಲಸ.

ಇನ್ನೊಂದು, ಬಿರುಕುಬಿಟ್ಟ ರಬ್ಬರ್ ಕೊಳವೆ. ಇಪ್ಪತ್ತು ವರ್ಷದ ರಬ್ಬರ್ ಗಡುಸಾಗಿರುತ್ತದೆ. ತಣ್ಣಗಿದ್ದಾಗ ಕುಗ್ಗಿ ಸಂದು ಬಿಡುತ್ತದೆ, ಬಿಸಿಗೆ ಹಿಗ್ಗಿ ಮತ್ತೆ ಕೂಡಿಕೊಳ್ಳುತ್ತದೆ. ಬೆಳಿಗ್ಗೆ ಬಾನೆಟ್ ತೆರೆದಾಗ ಸುಯ್ ಎಂಬ ಸದ್ದು ಕೇಳಿಸುವುದು, ಐಡ್ಲಿಂಗ್ ಏರಿಳಿಯುತ್ತಿರುವುದು ಇದರ ಸೂಚನೆ. ಕೊಳವೆಗಳನ್ನು ಕೈಯಿಂದ ಒಂದೊಂದಾಗಿ ಬಾಗಿಸಿ ನೋಡಿದರೆ ಬಿರುಕು ಕಾಣುತ್ತದೆ. ಸೋರಿಕೆ ಹುಡುಕಲು ಚಾಲೂ ಇರುವ ಎಂಜಿನ್ ಮೇಲೆ ಪೆಟ್ರೋಲ್ ಎರಚುವ ಪದ್ಧತಿ ಬೆಂಕಿಗೆ ಆಹ್ವಾನ. ಅದನ್ನು ಯಾವ ಕಾರಣಕ್ಕೂ ಮಾಡಕೂಡದು.

ಪೆಟ್ರೋಲ್ ಒತ್ತಡ ಉಳಿದಿದೆಯೇ?

ಕೀಲಿಯನ್ನು ಆನ್ ಮಾಡಿದೊಡನೆ ಹಿಂದಿನ ಸೀಟಿನ ಕಡೆಯಿಂದ ಎರಡು ಮೂರು ಸೆಕೆಂಡು ಮೆಲುವಾದ ಗುಂಯ್ ಎಂಬ ಸದ್ದು ಬರುತ್ತದೆ. ಪಂಪ್ ಕೊಳವೆಯಲ್ಲಿ ಒತ್ತಡ ತುಂಬುವ ಸದ್ದು ಅದು. ಎಂಜಿನ್ ನಿಲ್ಲಿಸಿದ ಮೇಲೂ ಈ ಒತ್ತಡ ಬಹಳ ಹೊತ್ತು ಉಳಿಯಬೇಕು. ಪಂಪ್‌ನೊಳಗಿನ ತಡೆವಾಲ್ವ್ ಸವೆದರೆ ಅಥವಾ ಇಂಜೆಕ್ಟರ್ ಹನಿಯುತ್ತಿದ್ದರೆ ರಾತ್ರಿಯಲ್ಲಿ ಒತ್ತಡ ಬರಿದಾಗುತ್ತದೆ.

ಇದಕ್ಕೆ ಕಾಸಿಲ್ಲದ ಪರೀಕ್ಷೆಯೊಂದಿದೆ. ಬೆಳಿಗ್ಗೆ ಸೆಲ್ಫ್ ಹೊಡೆಯುವ ಮೊದಲು ಕೀಲಿಯನ್ನು ಆನ್ ಮಾಡಿ ಮೂರು ಸೆಕೆಂಡು ಬಿಟ್ಟು ಆಫ್ ಮಾಡಿ. ಹೀಗೆ ಮೂರು ಬಾರಿ ಮಾಡಿ, ಆಮೇಲೆ ಸ್ಟಾರ್ಟ್ ಮಾಡಿ. ದಿನವೂ ಸತಾಯಿಸುತ್ತಿದ್ದ ಎಂಜಿನ್ ತಕ್ಷಣ ಚಾಲೂ ಆದರೆ ಒತ್ತಡ ಸೋರುತ್ತಿದೆ ಎಂದರ್ಥ. ಸ್ಟಾರ್ಟ್ ಆಗುವಾಗ ಕಪ್ಪು ಹೊಗೆಯೂ ಗಾಢ ಪೆಟ್ರೋಲ್ ವಾಸನೆಯೂ ಇದ್ದರೆ ಇಂಜೆಕ್ಟರ್ ಹನಿಯುತ್ತಿರಬಹುದು. ಮೂರು ಬಾರಿ ಮಾಡಿದರೂ ವ್ಯತ್ಯಾಸವಾಗದಿದ್ದರೆ ದುಬಾರಿ ಪಂಪ್ ಬದಲಿಸುವ ಮುನ್ನ ಗೇಜ್ ಹಾಕಿ ಒತ್ತಡ ಅಳೆಯುವಂತೆ ಮೆಕ್ಯಾನಿಕ್‌ಗೆ ಹೇಳಬೇಕು.

ಕಾರ್ಬ್ಯುರೇಟರ್ ಕಾಲದ ಅಭ್ಯಾಸದಂತೆ ಸ್ಟಾರ್ಟ್ ಮಾಡುವ ಮೊದಲು ಪೆಡಲನ್ನು ಹಲವು ಬಾರಿ ಒತ್ತುವುದರಿಂದ ಇಂಜೆಕ್ಷನ್ ಕಾರಿಗೆ ಪ್ರಯೋಜನವಿಲ್ಲ, ಅದರಿಂದ ಪೆಟ್ರೋಲ್ ಹೋಗುವುದಿಲ್ಲ.

ಕಿಡಿ ಮತ್ತು ಬ್ಯಾಟರಿ

ಬ್ಯಾಟರಿ ದುರ್ಬಲವಾಗಿದ್ದರೆ ಸ್ಟಾರ್ಟರ್ ಮೋಟಾರೇ ಎಲ್ಲ ಶಕ್ತಿಯನ್ನು ನುಂಗಿ, ಕಂಪ್ಯೂಟರ್‌ಗೂ ಕಿಡಿಗೂ ಸಾಕಷ್ಟು ಉಳಿಯುವುದಿಲ್ಲ. ರಾತ್ರಿಯಿಡೀ ನಿಂತ ಕಾರಿನಲ್ಲಿ ಬ್ಯಾಟರಿ 12.5 ವೋಲ್ಟ್ ಆಸುಪಾಸು ಇರಬೇಕು, ಸೆಲ್ಫ್ ಹೊಡೆಯುವಾಗ 10 ವೋಲ್ಟ್‌ಗಿಂತ ಬಹಳ ಕೆಳಗಿಳಿಯಬಾರದು. ಈ ತಪಾಸಣೆ ಐದು ನಿಮಿಷದ್ದು. ಆದ್ದರಿಂದ ಎಲ್ಲಕ್ಕಿಂತ ಮೊದಲು ಇದನ್ನೇ ಮುಗಿಸಿಕೊಳ್ಳುವುದು ಜಾಣತನ.

ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನಲ್ಲಿ, ಹಳೆಯ ಪ್ಲಗ್ ವೈರ್‌ಗಳ ಬಿರುಕಿನಲ್ಲಿ ತೇವ ಸೇರಿ ಕಿಡಿ ದಾರಿ ತಪ್ಪುತ್ತದೆ. ಎಂಜಿನ್ ಬಿಸಿಗೆ ತೇವ ಆರಿದೊಡನೆ ಮಿಸ್ಸಿಂಗ್ ನಿಲ್ಲುತ್ತದೆ. ತೊಂದರೆ ಮಳೆಯ ದಿನಗಳಲ್ಲಿ ಮಾತ್ರ ಇದೆಯೇ, ಒಣ ಚಳಿಯಲ್ಲೂ ಇದೆಯೇ ಎಂಬುದನ್ನು ಗಮನಿಸಿದರೆ ಸೆನ್ಸರ್ ದೋಷವನ್ನೂ ಇದನ್ನೂ ಬೇರ್ಪಡಿಸಬಹುದು. ಕತ್ತಲೆಯಲ್ಲಿ ಬಾನೆಟ್ ತೆರೆದು ದೂರದಿಂದ ನೋಡಿದರೆ ಸೋರುವ ಕಿಡಿ ಕಣ್ಣಿಗೇ ಕಾಣುತ್ತದೆ. ವೈರ್‌ಗಳನ್ನು ಮುಟ್ಟಬಾರದು, ಅಲ್ಲಿರುವುದು ಸಾವಿರಾರು ವೋಲ್ಟ್.

ಬೆಳಿಗ್ಗೆ ಮೊದಲ ನಿಮಿಷದಲ್ಲಿ ಒಂದೇ ಸಿಲಿಂಡರ್ ಕುಂಟುವುದು, ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ವಾರವಾರಕ್ಕೆ ಇಳಿಯುವ ಕೂಲೆಂಟ್ ಈ ಮೂರೂ ಒಟ್ಟಿಗೆ ಕಂಡರೆ ಮಾತ್ರ ವಿಷಯ ಗಂಭೀರ. ಹೆಡ್ ಗ್ಯಾಸ್ಕೆಟ್ ಮೂಲಕ ರಾತ್ರಿ ಕೂಲೆಂಟ್ ಸಿಲಿಂಡರ್‌ಗೆ ಜಿನುಗುತ್ತಿರಬಹುದು. ಚಳಿಯ ದಿನ ಸ್ಟಾರ್ಟ್ ಮಾಡಿದಾಗ ಕಾಣುವ ತೆಳು ಬಿಳಿ ಆವಿ ಸಹಜ, ಅದಕ್ಕೆ ಹೆದರಬೇಕಿಲ್ಲ.

ಇ20 ಮತ್ತು ಎಲ್‌ಪಿಜಿ

ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಮಾರಾಟಕ್ಕೆ ಪ್ರಧಾನಿ ಚಾಲನೆ ನೀಡಿದ್ದು 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನಲ್ಲಿಯೇ. ಈ ಇಂಧನವನ್ನು ಗಮನದಲ್ಲಿಟ್ಟುಕೊಂಡು ಮೇಲಿನ ತಲೆಮಾರಿನ ಕಾರುಗಳನ್ನು ರೂಪಿಸಿರಲಿಲ್ಲ. ಎಥನಾಲ್ ಆವಿಯಾಗಲು ಪೆಟ್ರೋಲ್‌ಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಕು. ಅದು ಉರಿಯಲು ಕಡಿಮೆ ಗಾಳಿ ಸಾಕು. ಹಳೆಯ ಕಂಪ್ಯೂಟರ್ ತನ್ನ ಕೋಷ್ಟಕದ ಪ್ರಕಾರವೇ ಅಳೆದು ಕೊಟ್ಟರೆ, ಆಮ್ಲಜನಕ ಸೆನ್ಸರ್ ಎಚ್ಚರವಾಗುವ ತನಕ ಮಿಶ್ರಣ ತುಸು ತೆಳ್ಳಗೇ ಇರುತ್ತದೆ. ಆರೋಗ್ಯವಾಗಿರುವ ಕಾರು ಇದನ್ನು ತಡೆದುಕೊಳ್ಳಬಹುದು. ಸೆನ್ಸರ್ ತುಸುವೇ ದಾರಿ ತಪ್ಪಿರುವ ಕಾರಿನಲ್ಲಿ ಮುಚ್ಚಿಕೊಂಡಿದ್ದ ದೋಷ ಹೊರಬೀಳುತ್ತದೆ. ಎಥನಾಲ್ ನೀರನ್ನು ಹೀರುವುದರಿಂದ ತಿಂಗಳುಗಟ್ಟಲೆ ಕಾರನ್ನು ನಿಲ್ಲಿಸಿಡುವುದೂ ಒಳ್ಳೆಯದಲ್ಲ.

ಎಲ್‌ಪಿಜಿ ಕಿಟ್ ಹಾಕಿಸಿದ ಕಾರುಗಳಲ್ಲಿ ಪೆಟ್ರೋಲನ್ನು ಬೆಳಗಿನ ಸ್ಟಾರ್ಟ್‌ಗೆ ಮಾತ್ರ ಬಳಸುವವರು ಬಹಳ. ತಳದಲ್ಲಿ ಉಳಿದ ಹಳೆಯ ಪೆಟ್ರೋಲ್ ಮತ್ತು ಕೆಸರು ಪಂಪ್‌ಗೆ, ಇಂಜೆಕ್ಟರ್‌ಗೆ ಹಾನಿ ಮಾಡುತ್ತದೆ. ಎಲ್‌ಪಿಜಿ ಆವಿಯಾಗುವುದು ಎಂಜಿನ್ ಕೂಲೆಂಟ್‌ನ ಬಿಸಿಯಿಂದ. ಎಂಜಿನ್ ಕಾಯುವ ಮೊದಲೇ ಗ್ಯಾಸ್‌ಗೆ ಬದಲಾಯಿಸಿದರೆ ಕಾರು ನಿಲ್ಲುವುದು ಸಹಜ.

ಉದಾಸೀನ ಬೇಡ

ಐದು ನಿಮಿಷದ ಕಿರಿಕಿರಿ ತಾನೇ ಎಂದು ಇದನ್ನು ಸಹಿಸಿಕೊಂಡು ಹೋಗುವುದು ಅಪಾಯಕಾರಿ. ಚಲಿಸುವಾಗ ಎಂಜಿನ್ ಆಫ್ ಆದರೆ ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ. ಬ್ರೇಕ್‌ಗೆ ಎಂಜಿನ್ ಒದಗಿಸುವ ನೆರವೂ ಒಂದೆರಡು ಒತ್ತಿಗೆ ಮುಗಿದುಹೋಗುತ್ತದೆ. ಮುಂಜಾನೆ ಘಾಟಿ ಇಳಿಯುವವರಿಗೆ, ವೃತ್ತದಲ್ಲಿ ಬಸ್ಸಿನ ಮುಂದೆ ಸಿಕ್ಕಿಕೊಳ್ಳುವವರಿಗೆ ಇದು ಜೀವದ ಪ್ರಶ್ನೆ.

ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಹೆಚ್ಚು ಪೆಟ್ರೋಲ್ ಕುಡಿದು ಓಡುವ ತಣ್ಣಗಿನ ಎಂಜಿನ್ ಹೆಚ್ಚು ಕಾರ್ಬನ್ ಮಾನಾಕ್ಸೈಡ್ ಉಗುಳುತ್ತದೆ. ಅದನ್ನು ಶುದ್ಧೀಕರಿಸಬೇಕಾದ ಕ್ಯಾಟಲಿಟಿಕ್ ಕನ್ವರ್ಟರ್ ಆಗಿನ್ನೂ ಕಾದಿರುವುದಿಲ್ಲ. ಬಣ್ಣ, ವಾಸನೆ ಎರಡೂ ಇಲ್ಲದ ಈ ಅನಿಲ ಮುಚ್ಚಿದ ಕಾರ್ ಶೆಡ್‌ನಲ್ಲಿ ಕೆಲವೇ ನಿಮಿಷಗಳಲ್ಲಿ ಪ್ರಾಣಾಪಾಯ ತರಬಲ್ಲುದು. ಮನೆಯೊಳಗಿನ ಶೆಡ್‌ನಲ್ಲಿ ಬಾಗಿಲು ಹಾಕಿಕೊಂಡು ಎಂಜಿನ್ ಕಾಯಿಸುವುದನ್ನಾಗಲಿ, ಮೇಲಿನ ಪರೀಕ್ಷೆಗಳನ್ನಾಗಲಿ ಮಾಡಬಾರದು.

ಗ್ಯಾರೇಜಿಗೆ ಹೋಗುವ ಮುನ್ನ

ನಾಲ್ಕು ದಿನ ಒಂದು ಚೀಟಿಯಲ್ಲಿ ಬರೆದಿಡಿ: ಎಷ್ಟು ಸೆಕೆಂಡು ಸೆಲ್ಫ್ ಹೊಡೆಯಬೇಕಾಯಿತು, ಹೊಗೆಯ ಬಣ್ಣ ಯಾವುದು, ಪೆಟ್ರೋಲ್ ವಾಸನೆ ಇತ್ತೇ, ಎಷ್ಟು ನಿಮಿಷಕ್ಕೆ ಸರಿಹೋಯಿತು, ಟೆಂಪರೇಚರ್ ಮುಳ್ಳು ಆಗ ಎಲ್ಲಿತ್ತು, ಹಿಂದಿನ ರಾತ್ರಿ ಮಳೆ ಬಂದಿತ್ತೇ. ಸಾಧ್ಯವಿದ್ದರೆ ಹಿಂದಿನ ಸಂಜೆಯೇ ಕಾರನ್ನು ಗ್ಯಾರೇಜಿನಲ್ಲಿ ಬಿಟ್ಟು, ಮರುದಿನ ಮೊದಲ ಸ್ಟಾರ್ಟ್ ಮೆಕ್ಯಾನಿಕ್ ಕೈಯಲ್ಲೇ ಆಗುವಂತೆ ನೋಡಿಕೊಳ್ಳಿ. ರೋಗಿಯನ್ನು ಜ್ವರ ಇರುವಾಗಲೇ ವೈದ್ಯರಿಗೆ ತೋರಿಸಬೇಕಲ್ಲವೇ?

ಬ್ಯಾಟರಿ, ಕೂಲೆಂಟ್ ಸೆನ್ಸರ್, ಥರ್ಮೋಸ್ಟ್ಯಾಟ್, ಐಡ್ಲಿಂಗ್ ವಾಲ್ವ್, ರಬ್ಬರ್ ಕೊಳವೆ, ಆಮೇಲೆ ಪೆಟ್ರೋಲ್ ಒತ್ತಡ ಮತ್ತು ಕಿಡಿ: ಪರೀಕ್ಷೆ ಈ ಕ್ರಮದಲ್ಲಿ ನಡೆಯಲಿ. ಮಳೆಯ ಬೆಳಿಗ್ಗೆ ಮಾತ್ರ ತೊಂದರೆ ಇದ್ದರೆ ಕಿಡಿಯಿಂದಲೇ ಆರಂಭಿಸಬಹುದು. ಯಾವುದೇ ಭಾಗ ಬದಲಿಸಬೇಕೆಂದು ಹೇಳಿದಾಗ 'ಅಳೆದು ನೋಡಿದಿರಾ, ಎಷ್ಟು ಬಂತು?' ಎಂದು ವಿನಯದಿಂದಲೇ ಕೇಳಿ. ಬಲ್ಲ ಮೆಕ್ಯಾನಿಕ್ ಈ ಪ್ರಶ್ನೆಗೆ ಬೇಸರಪಟ್ಟುಕೊಳ್ಳುವುದಿಲ್ಲ, ಮೀಟರ್‌ನಲ್ಲಿ ಕಂಡ ಸಂಖ್ಯೆಯನ್ನೇ ನಿಮಗೆ ತೋರಿಸುತ್ತಾನೆ.